ದಂಬೆಗೆ ಫಲಕವಿಲ್ಲ

ಹಳೇ ಇಗರ್ಜಿಗೆ ಬೇಕಾದದ್ದು ಸುಣ್ಣ. ಸಿಗುವುದು ಸಮಿತಿ.

ಸಮಿತಿ ಹುಟ್ಟುವುದಕ್ಕೂ ಒಂದು ಕ್ರಮವಿದೆ. ಮಳೆಗಾಲದ ಮೊದಲ ಭಾನುವಾರ, ವಿಗಾರರು ಪ್ರವಚನದಲ್ಲಿ ನೋಹನ ನಾವೆಗೆ ಬಂದ ಹೊತ್ತಿಗೆ ಸರಿಯಾಗಿ, ಮಾಡಿನಿಂದ ಒಂದು ಹನಿ ಉದುರುತ್ತದೆ. ಅದು ಕೊನೇ ಬೆಂಚಿನ ಅಜ್ಜಿಯ ತಲೆಮೇಲೆ ಬಿದ್ದರೆ ಆಶೀರ್ವಾದ. ಅಜ್ಜಿ ಸೆರಗು ಎಳೆದುಕೊಳ್ಳುತ್ತಾರೆ, ಪೂಜೆ ಮುಂದುವರಿಯುತ್ತದೆ. ಮರುವರ್ಷ ಹನಿ ನಡುಸಾಲಿಗೆ ಬಡ್ತಿ ಪಡೆದಾಗ ಒಂದು ಪ್ಲಾಸ್ಟಿಕ್ ಬಕೆಟ್ ಬರುತ್ತದೆ. ಗಾಯನ ಮಂಡಳಿಯ ಮಕ್ಕಳು ಟಪ್ ಟಪ್ ಸದ್ದಿಗೆ ತಾಳ ಹೊಂದಿಸಿಕೊಳ್ಳಲು ಕಲಿಯುತ್ತಾರೆ. ಮೂರನೇ ವರ್ಷ ಅದೇ ಹನಿ ಮುಂದಿನ ಸಾಲಿಗೆ ಬಂದು ಪಾಲನಾ ಮಂಡಳಿಯ ಉಪಾಧ್ಯಕ್ಷರ ಇಸ್ತ್ರಿ ಅಂಗಿಯ ಮೇಲೆ ಬಿದ್ದಿತೋ, ಅಂದೇ ಸಂಜೆ ತುರ್ತು ಸಭೆ. ‘ಭಕ್ತಾದಿಗಳ ಪ್ರಾಣರಕ್ಷಣೆಯ ಪ್ರಶ್ನೆ’ ಎಂದು ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತದೆ. ಅಜ್ಜಿಯ ಪ್ರಾಣ ಎರಡು ವರ್ಷ ಯಾವ ಲೆಕ್ಕದಲ್ಲಿತ್ತು ಎಂದು ಕೇಳುವ ಹಾಗಿಲ್ಲ. ಅವರು ಸಭೆಯ ಸದಸ್ಯರಲ್ಲ.

ಅಸಲು ಕಾರಣ ಒಂದು ಒಡೆದ ಹೆಂಚು. ತೆಂಗಿನಕಾಯಿ ಬಿದ್ದು ಒಡೆದಿರಬಹುದು, ಮಂಗ ಹಾರಿ ಒಡೆದಿರಬಹುದು. ಬಹುಪಾಲು ಸಂದರ್ಭಗಳಲ್ಲಿ ಹಬ್ಬದ ಸೀರಿಯಲ್ ಲೈಟು ಕಟ್ಟಲು ಮಾಡು ಹತ್ತಿದ ಹುಡುಗ ಒಡೆದಿರುತ್ತಾನೆ. ಅಂದರೆ ಇಗರ್ಜಿಯನ್ನು ಅಲಂಕರಿಸುವ ಕಾರ್ಯದಲ್ಲೇ ಅದು ಗಾಯಗೊಂಡಿರುತ್ತದೆ. ಒಂದು ಹೆಂಚಿನ ಬೆಲೆಗೆ ಪೇಟೆಯಲ್ಲಿ ಮಸಾಲೆದೋಸೆ ಸಿಗುವುದೂ ಕಷ್ಟ. ಆದರೆ ಆ ಹೆಂಚನ್ನು ಬದಲಿಸದೆ ಬಿಟ್ಟರೆ ನೀರು ರೀಪಿಗೆ, ರೀಪಿನಿಂದ ಪಕಾಸಿಗೆ, ಪಕಾಸಿನಿಂದ ಗೋಡೆಯ ನೆತ್ತಿಗೆ ಇಳಿಯುತ್ತದೆ. ಒದ್ದೆ ಮರವಿದ್ದಲ್ಲಿ ಒರಲೆ ಆಹ್ವಾನ ಪತ್ರಿಕೆಗೆ ಕಾಯುವುದಿಲ್ಲ. ಪಕಾಸಿನ ಬುಡ ಕುಂಬಾದ ಮೇಲೆ ಮಾಡಿನ ಭಾರ ನೇರ ಕೆಳಗಿಳಿಯದೆ ಗೋಡೆಯನ್ನು ಹೊರಕ್ಕೆ ನೂಕತೊಡಗುತ್ತದೆ. ಗೋಡೆ ಕೂದಲೆಳೆಯಷ್ಟು ಹೊರಗೆ ವಾಲುತ್ತದೆ, ಕಿಟಕಿಯ ಕಮಾನಿನ ನೆತ್ತಿಯಿಂದ ಒಂದು ಗೆರೆ ಹೊರಡುತ್ತದೆ. ಆ ಗೆರೆ ಬೆಳೆದು ಕೈಬೆರಳು ತೂರುವಷ್ಟಾಗಲು ಹತ್ತಿಪ್ಪತ್ತು ಮಳೆಗಾಲ ಬೇಕು. ಇಷ್ಟು ದೀರ್ಘ ನೋಟೀಸು ಕೊಟ್ಟು ಬರುವ ಆಪತ್ತು ಬೇರೆ ಯಾವುದೂ ಇಲ್ಲ. ಆದರೂ ಪ್ರತಿಸಲವೂ ಅದು ಸಮಿತಿಗೆ ‘ಆಕಸ್ಮಿಕ’ವಾಗಿಯೇ ಕಾಣುತ್ತದೆ.

ಬಿರುಕಿಗೆ ನಮ್ಮ ಕಡೆ ಮೂರು ಔಷಧ: ಪುಟ್ಟಿ, ಪೈಂಟು, ಪ್ರತಿಮೆ. ಮೊದಲೆರಡು ಸೋತಲ್ಲಿ ಮೂರನೆಯದು. ಕರಾವಳಿಯ ಒಂದು ಇಗರ್ಜಿಯಲ್ಲಿ, ಹೆಸರು ಬೇಡ, ಎಡಗೋಡೆಯ ಬಿರುಕು ಯಾವ ಪುಟ್ಟಿಗೂ ಬಗ್ಗದಿದ್ದಾಗ ಸಂತ ಅಂತೋನಿಯವರ ಪೀಠವನ್ನು ಬಲದಿಂದ ಎಡಕ್ಕೆ ಸರಿಸಿ ಬಿರುಕಿನ ಎದುರು ನಿಲ್ಲಿಸಿದರು. ಕಳೆದುಹೋದ ವಸ್ತುಗಳನ್ನು ಹುಡುಕಿಕೊಡುವ ಸಂತರೆಂದು ಲೋಕಪ್ರಸಿದ್ಧರಾದವರು ಈಗ ಆ ಇಗರ್ಜಿಯಲ್ಲಿ ಕಣ್ಣಿಗೆ ಕಾಣುವ ವಸ್ತುವೊಂದನ್ನು ಅಡಗಿಸುವ ಡ್ಯೂಟಿಯಲ್ಲಿದ್ದಾರೆ. ಮಂಗಳವಾರ ಮಂಗಳವಾರ ಮೇಣದಬತ್ತಿ ಹಚ್ಚುವ ಭಕ್ತರಿಗೆ ಸಂತರ ಹೆಗಲಿನ ಆಚೆ ಒಂದು ಕಪ್ಪು ಗೆರೆ ಚಾವಣಿಯವರೆಗೆ ಹೋದದ್ದು ಕಾಣುತ್ತದೆ. ಅದನ್ನು ಮಿಂಚಿನ ಅಲಂಕಾರವೆಂದು ತಿಳಿದವರೂ ಇದ್ದಾರೆ.

ಸಮಿತಿ ಒಮ್ಮೆ, ಯಾರದೋ ಒತ್ತಾಯಕ್ಕೆ, ನಿಜವಾದ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನು ಕರೆಸಿತ್ತು. ಅವರು ಬಂದು ಗೋಡೆಗಿಂತ ಮೊದಲು ಅಂಗಳ ನೋಡಿದರು. ಮಾಡಿನ ನೀರು ಎಲ್ಲಿ ಬೀಳುತ್ತದೆ, ಬಿದ್ದದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಮಾಡಿನಂಚಿನ ನೀರು ಒಯ್ಯುವ ದಂಬೆ ತುಂಬ ಒಣಗಿದ ಮಾವಿನೆಲೆ, ದಂಬೆಯ ತೂತಿನಿಂದ ನೀರು ನೇರ ಅಡಿಪಾಯಕ್ಕೆ. ಅಂಗಳಕ್ಕೆ ಇಂಟರ್‌ಲಾಕ್ ಹಾಸಿದವರು ಇಳಿಜಾರನ್ನು ಇಗರ್ಜಿಯ ಕಡೆಗೇ ಕೊಟ್ಟಿದ್ದರು. ಇಂಜಿನಿಯರ್ ಹೇಳಿದ್ದಿಷ್ಟು: ದಂಬೆ ಗುಡಿಸಿ, ತೂತು ಮುಚ್ಚಿ, ನೀರನ್ನು ಗೋಡೆಯಿಂದ ದೂರ ಒಯ್ಯಿರಿ. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆಯಿರಿ. ಒಂದು ಮಳೆಗಾಲ ಕಾಯಿರಿ. ಗಾಜು ಒಡೆದರೆ ಗೋಡೆ ಚಲಿಸುತ್ತಿದೆ, ಒಡೆಯದಿದ್ದರೆ ಅದು ಹಳೇ ಗಾಯ, ಸುಣ್ಣದ ಗಾರೆ ತುಂಬಿಸಿ ಮಲಗಿ.

ಸಭೆಯಲ್ಲಿ ಕವಿದ ನಿರಾಶೆ ಹೇಳತೀರದು. ಒಟ್ಟು ಖರ್ಚು ಹಬ್ಬದ ಒಂದು ದಿನದ ಪಟಾಕಿಯಷ್ಟೂ ಇಲ್ಲ. ದಂಬೆ ಗುಡಿಸುವ ಕಾರ್ಯಕ್ಕೆ ಬಿಷಪರನ್ನು ಆಹ್ವಾನಿಸುವುದು ಹೇಗೆ? ಗಾಜಿನ ಪಟ್ಟಿ ಅಂಟಿಸುವ ಸಮಾರಂಭಕ್ಕೆ ಶಾಸಕರು ಬಂದಾರೆಯೇ? ಬಂದರೂ ರಿಬ್ಬನ್ ಎಲ್ಲಿ ಕಟ್ಟುವುದು? ಕುವೈತಿನಿಂದ ಹಣ ಕಳಿಸಲು ಸಿದ್ಧರಿದ್ದ ದಾನಿಯೊಬ್ಬರು ತಮ್ಮ ತಂದೆತಾಯಿಯ ಸ್ಮರಣಾರ್ಥ ‘ಕಣ್ಣಿಗೆ ಕಾಣುವಂಥ ಏನಾದರೂ’ ಇದ್ದರೆ ತಿಳಿಸಿ ಎಂದು ಮೆಸೇಜು ಹಾಕಿದ್ದರು. ನೀರು ಸೋರದಿರುವುದು ಕಣ್ಣಿಗೆ ಕಾಣುವುದಿಲ್ಲ. ದುರಸ್ತಿಯ ಮೂಲ ಸಮಸ್ಯೆ ಇದೇ: ಕೆಲಸ ಚೆನ್ನಾಗಿ ಆಯಿತು ಎಂಬುದಕ್ಕೆ ಸಾಕ್ಷಿ, ಏನೂ ಆಗದಿರುವುದು. ಆಗದಿದ್ದುದಕ್ಕೆ ಯಾರೂ ಫಲಕ ಕೆತ್ತಿಸುವುದಿಲ್ಲ.

ನಿರಾಶೆಯ ನಡುವೆ ಕಂಟ್ರಾಕ್ಟರು ಎದ್ದು ನಿಂತರು. ಆಪದ್ಬಾಂಧವರು. ಅವರ ಬಳಿ ಎಲ್ಲ ರೋಗಕ್ಕೂ ಒಂದೇ ಮದ್ದು, 50 ಕಿಲೋ ಚೀಲದಲ್ಲಿ ಬರುತ್ತದೆ. ಹಳೇ ಸುಣ್ಣದ ಗಾರೆ ಕಿತ್ತು ಸಿಮೆಂಟು ಬಳಿದು, ಅದರ ಮೇಲೆ ಹತ್ತು ವರ್ಷ ಗ್ಯಾರಂಟಿಯ ಪೈಂಟು ಹೊಡೆದರೆ ಕಲ್ಲಿನ ಕೋಟೆ ಎಂದರು. ಗೋಡೆಯ ಕಲ್ಲು ಯಾವುದು ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ.

ನಮ್ಮ ಕಲ್ಲು ಮುರಕಲ್ಲು, ಕೆಂಪುಕಲ್ಲು. ಮೈಸೂರು, ಕೆನರಾ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ ಇದಕ್ಕೆ ಲ್ಯಾಟರೈಟ್ ಎಂಬ ಹೆಸರಿಟ್ಟ. ನೆಲದೊಳಗಿದ್ದಾಗ ಮೆದುವಾಗಿ ಕತ್ತರಿಸಲು ಬರುತ್ತದೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ ಎಂದು ಆತ ಬೆರಗಿನಿಂದ ಬರೆದದ್ದು ನಮ್ಮ ಕಲ್ಲು ಕಡಿಯುವವರಿಗೆ ಅಜ್ಜನ ಕಾಲದಿಂದ ಗೊತ್ತಿತ್ತು. ಮೈತುಂಬ ತೂತಿರುವ ಈ ಕಲ್ಲು ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಸುಣ್ಣದ ಗಾರೆ ಈ ಕೊಡುಕೊಳ್ಳುವಿಕೆಗೆ ಅಡ್ಡಿಮಾಡುವುದಿಲ್ಲ. ತಾನು ಸವೆದು ಕಲ್ಲನ್ನು ಉಳಿಸುತ್ತದೆ, ಅಷ್ಟೇ ಅದರ ಉದ್ಯೋಗ. ಸಿಮೆಂಟು ಹಾಗಲ್ಲ. ಎಲ್ಲೋ ಒಂದು ಬಿರುಕಿನಿಂದ ಒಳಹೋದ ನೀರನ್ನು ಅದು ಹೊರಬಿಡುವುದಿಲ್ಲ. ಒಳಗೆ ಕಲ್ಲು ನೆನೆದು ಹುಡಿಯಾಗುತ್ತದೆ, ಹೊರಗೆ ಪೈಂಟು ಗುಳ್ಳೆ ಏಳುತ್ತದೆ, ಒಂದು ದಿನ ಹಲಗೆಯಷ್ಟು ಅಗಲದ ಸಿಮೆಂಟಿನ ಚಕ್ಕೆ ಕಲ್ಲಿನ ಮುಖವನ್ನೂ ಕಿತ್ತುಕೊಂಡು ಕೆಳಗೆ ಬೀಳುತ್ತದೆ. ಆಗ ಕಂಟ್ರಾಕ್ಟರು ಅದನ್ನು ಎತ್ತಿ ತೋರಿಸಿ ಹೇಳುವ ಮಾತು: ‘ನೋಡಿ, ಹಳೇ ಕಲ್ಲು ಎಷ್ಟು ವೀಕ್ ಇತ್ತು!’

ಇದು ಹಳ್ಳಿ ಸಮಿತಿಯ ಅಜ್ಞಾನ, ತಜ್ಞರ ಕೈಗೆ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎಂದುಕೊಳ್ಳುವವರು ಹಳೇ ಗೋವಾಕ್ಕೆ ಹೋಗಿಬರಬೇಕು. ಅಲ್ಲಿ ಬಾಮ್ ಜೀಸಸ್ ಬೆಸಿಲಿಕಾ ಇದೆ. 1594ರಲ್ಲಿ ಕೆಲಸ ಶುರುವಾಗಿ 1605ರಲ್ಲಿ ಪ್ರತಿಷ್ಠೆಯಾದ ಜೆಸ್ವಿತರ ಇಗರ್ಜಿ. ಗೋಡೆ ನಮ್ಮದೇ ಕೆಂಪುಕಲ್ಲಿನದು. ಮುಖಭಾಗದ ಕೆತ್ತನೆಗೆ ವಸಾಯಿಯಿಂದ ಹಡಗಿನಲ್ಲಿ ತಂದ ಕಪ್ಪುಕಲ್ಲು. ಕಟ್ಟಿದವರಿಗೆ ಗೋವಾದ ಮಳೆ ಗೊತ್ತಿತ್ತು, ವರ್ಷಕ್ಕೆ ಹತ್ತಿರಹತ್ತಿರ 3000 ಮಿಲಿಮೀಟರು. ಅದಕ್ಕೇ ಕೆಂಪುಕಲ್ಲಿನ ಮೈಗೆಲ್ಲ ಸುಣ್ಣದ ಗಾರೆ ಬಳಿದರು. ಮುನ್ನೂರೈವತ್ತು ವರ್ಷ ಆ ಕಟ್ಟಡ ಬಿಳಿ ಅಂಗಿ ತೊಟ್ಟು ನಿಂತಿತ್ತು.

1950ರ ದಶಕದಲ್ಲಿ ಪೋರ್ಚುಗಲ್ಲಿನಿಂದ ಒಬ್ಬ ತಜ್ಞರು ಬಂದರು, ಬಾಲ್ತಜಾರ್ ಕಾಸ್ತ್ರೊ ಎಂಬ ವಾಸ್ತುಶಿಲ್ಪಿ. ಸ್ಮಾರಕಗಳ ಗಾರೆ ಕಿತ್ತು ಕಲ್ಲು ಬೆತ್ತಲೆ ಮಾಡಿದರೆ ಪ್ರಾಚೀನತೆಯ ಗಾಂಭೀರ್ಯ ಬರುತ್ತದೆಂಬುದು ಆಗಿನ ಪೋರ್ಚುಗೀಸ್ ಸರಕಾರದ ನಂಬಿಕೆ. ಅಲ್ಲಿನ ಕಲ್ಲು ಬೇರೆ, ಇಲ್ಲಿನದು ಬೇರೆ. ಅಲ್ಲಿನ ಮಳೆಗೂ ಇಲ್ಲಿನ ಮಳೆಗೂ ಸಂಬಂಧವೇ ಇಲ್ಲ. ಆದರೆ ಸುತ್ತೋಲೆಗೆ ಭೂಗೋಳ ತಿಳಿಯುವುದಿಲ್ಲ. ಗಾರೆ ಇಳಿಯಿತು. ಅಲ್ಲಿಂದಾಚೆ ಪ್ರತಿ ಜೂನಿನಲ್ಲಿ ಆ ಕೆಂಪುಕಲ್ಲು ಬರಿಮೈಯಲ್ಲಿ ಮಳೆ ತಿನ್ನುತ್ತಿದೆ.

ಮುಂದಿನದು ಇನ್ನೂ ಸೊಗಸು. ಪ್ರವಾಸಿಗಳು ಬಂದರು, ಕೆಂಪು ಕಟ್ಟಡದ ಫೋಟೊ ತೆಗೆದರು. ಪೋಸ್ಟ್‌ಕಾರ್ಡಿನಲ್ಲಿ ಕೆಂಪು, ಕ್ಯಾಲೆಂಡರಿನಲ್ಲಿ ಕೆಂಪು, ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತದಲ್ಲೂ ಕೆಂಪು. 1986ರಲ್ಲಿ ಯುನೆಸ್ಕೊ ಗೋವಾದ ಇಗರ್ಜಿಗಳನ್ನೂ ಮಠಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗಲೂ ಇದು ಕೆಂಪಾಗಿಯೇ ಸೇರಿತು. ಈಗ ಸಂರಕ್ಷಣೆ ಬಲ್ಲ ವಾಸ್ತುಶಿಲ್ಪಿಗಳು ದಯವಿಟ್ಟು ಮತ್ತೆ ಗಾರೆ ಬಳಿಯಿರಿ, ಕಲ್ಲು ಕರಗುತ್ತಿದೆ ಎಂದರೆ, ಪರಂಪರೆಯ ರೂಪಕ್ಕೆ ಧಕ್ಕೆ ಎಂದು ಆಕ್ಷೇಪ ಏಳುತ್ತದೆ. ಹಳತಾಗಿ ಕಾಣಲೆಂದು ಗಾರೆ ಕಿತ್ತರು. ಕಿತ್ತದ್ದರಿಂದ ಕಟ್ಟಡ ನಿಜಕ್ಕೂ ಹಳತಾಗತೊಡಗಿತು. ಈಗ ಗಾರೆ ಹಚ್ಚಿದರೆ ಹೊಸತಾಗಿ ಕಂಡೀತೆಂಬ ಭಯ. ಮುನ್ನೂರೈವತ್ತು ವರ್ಷದ ಬಿಳುಪು ಪರಂಪರೆಯಲ್ಲ, ಎಪ್ಪತ್ತು ವರ್ಷದ ತಪ್ಪು ಪರಂಪರೆ.

ಯಜಮಾನರೂ ಮೂವರು. ಪೂಜೆ ಇಗರ್ಜಿಯವರದು, ಕಲ್ಲು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯದು, ಪ್ರವಾಸಿ ಸರಕಾರದವನು. ಮಳೆ ಯಾರದೂ ಅಲ್ಲ. 2020ರಲ್ಲಿ ಬೆಸಿಲಿಕಾದ ರೆಕ್ಟರರೇ ಮಾಡು ಸೋರುತ್ತಿದೆ, ಇಲಾಖೆ ಗಮನ ಕೊಡುತ್ತಿಲ್ಲ ಎಂದು ಬಹಿರಂಗವಾಗಿ ದೂರಬೇಕಾಯಿತು. ಅದೇ ಛಾವಣಿಯ ಕೆಳಗೆ ಸಂತ ಫ್ರಾನ್ಸಿಸ್ ಕ್ಸೇವಿಯರರ ಪವಿತ್ರಾವಶೇಷವಿದೆ. 1552ರಲ್ಲಿ ತೀರಿಕೊಂಡ ಸಂತರ ದೇಹ ಕೊಳೆಯದೆ ಉಳಿದದ್ದು ಪವಾಡವೆಂದು ಭಕ್ತರು ನಂಬುತ್ತಾರೆ, ಹತ್ತು ವರ್ಷಕ್ಕೊಮ್ಮೆ ಲಕ್ಷೋಪಲಕ್ಷ ಮಂದಿ ದರ್ಶನಕ್ಕೆ ಬರುತ್ತಾರೆ. ಈಚಿನದು 2024ರ ನವೆಂಬರಿನಿಂದ 2025ರ ಜನವರಿವರೆಗೆ ನಡೆಯಿತು. ಸಂತರ ವಿಷಯದಲ್ಲಿ ನಡೆದದ್ದು ಸಂತರ ಇಗರ್ಜಿಯ ವಿಷಯದಲ್ಲೂ ನಡೆದೀತೆಂದು ಸರಕಾರಿ ಕಡತಗಳೂ ನಂಬಿದಂತಿವೆ. ಭಕ್ತಿಯ ವಿಷಯದಲ್ಲಿ ನಮ್ಮ ಇಲಾಖೆಗಳನ್ನು ಮೀರಿಸುವವರಿಲ್ಲ.

ಅಲ್ಲಿಂದ ರಸ್ತೆ ದಾಟಿದರೆ ಸೇ ಕೆಥೆಡ್ರಲ್. ಅದರ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಬಿತ್ತು. ಎಸ್ಟಿಮೇಟು ಇನ್ನೂ ಪಾಸಾದಂತಿಲ್ಲ. ಗುಡ್ಡದ ಮೇಲಿನ ಸಂತ ಅಗಸ್ಟಿನರ ಇಗರ್ಜಿಯದು ನಿಧಾನದ ಕಥೆ. 1835ರಲ್ಲಿ ಸನ್ಯಾಸಿಗಳನ್ನು ಹೊರಗಟ್ಟಿದರು, 1842ರಲ್ಲಿ ಕಮಾನು ಚಾವಣಿ ಕುಸಿಯಿತು, 1931ರಲ್ಲಿ ಮುಖಭಾಗವೂ ಅರ್ಧ ಗೋಪುರವೂ ನೆಲಕ್ಕೆ ಬಂತು. ಉಳಿದರ್ಧ ಗೋಪುರವೇ ಇವತ್ತು 46 ಮೀಟರ್ ಎತ್ತರ ನಿಂತಿದೆ, ಗೈಡುಗಳ ಹೊಟ್ಟೆ ತುಂಬಿಸುತ್ತಿದೆ. ಇಡೀ ಇದ್ದಾಗ ಬಿಟ್ಟು ನಡೆದವರು ಮುರಿದ ಮೇಲೆ ರಕ್ಷಣೆಗೆ ಬೇಲಿ ಹಾಕಿದ್ದಾರೆ.

ಇದೆಲ್ಲ ನಮ್ಮಲ್ಲಿ ಮಾತ್ರ, ಫಾರಿನ್ನಿನಲ್ಲಿ ಹಾಗಲ್ಲ ಎನ್ನುವ ಗಲ್ಫ್ ರಿಟರ್ನ್ ಹಿರಿಯರೊಬ್ಬರು ಪ್ರತಿ ಸಭೆಯಲ್ಲೂ ಇರುತ್ತಾರೆ. ಅವರ ಸಮಾಧಾನಕ್ಕೆ ಪ್ಯಾರಿಸ್ಸಿನ ನೋತ್ರ್ ದಾಮ್. ಎಂಟುನೂರು ವರ್ಷ ದಾಟಿದ ಆ ಮಹಾ ಇಗರ್ಜಿಯಲ್ಲಿ ಮಳೆನೀರನ್ನು ಗೋಡೆಯಿಂದಾಚೆ ಉಗುಳಲು ಬಾಯಿ ತೆರೆದು ಕೂತ ಕಲ್ಲಿನ ವಿಚಿತ್ರ ಪ್ರಾಣಿಗಳಿವೆ. ಫ್ರೆಂಚರ ದಂಬೆ ಅದು. ಅವುಗಳಲ್ಲಿ ಕೆಲವು ಮುರಿದುಬಿದ್ದವು. 2017ರ ಹೊತ್ತಿಗೆ ಮುರಿದ ಪ್ರಾಣಿಯ ಜಾಗಕ್ಕೆ ಪಿವಿಸಿ ಪೈಪು ಸಿಕ್ಕಿಸಲಾಗಿತ್ತು. ನಮ್ಮ ಬಚ್ಚಲು ಮನೆಯಲ್ಲಿರುವುದೇ, ಆ ಜಾತಿಯದೇ. ದುರಸ್ತಿಗೆ 15 ಕೋಟಿ ಯೂರೊ ಬೇಕೆಂದು ಇಗರ್ಜಿಯವರು ಅಮೆರಿಕದವರೆಗೂ ಹೋಗಿ ಕೈಚಾಚಿದರು. ಸರಕಾರ ವರ್ಷಕ್ಕೆ ಕೊಡುತ್ತಿದ್ದದ್ದು 20 ಲಕ್ಷ. ಜಗತ್ತು ಸೆಲ್ಫಿ ತೆಗೆದುಕೊಂಡು ಮನೆಗೆ ಹೋಯಿತು.

2019ರ ಏಪ್ರಿಲ್ 15ರ ಸಂಜೆ, ದುರಸ್ತಿಗೆಂದೇ ಕಟ್ಟಿದ ಸಾರುವೆ ನಿಂತಿದ್ದಾಗಲೇ, ಮಾಡಿಗೆ ಬೆಂಕಿ ಬಿತ್ತು. ಸೂಜಿಗೋಪುರ ಉರಿದು ಬಿದ್ದದ್ದನ್ನು ಲೋಕವೆಲ್ಲ ಟೀವಿಯಲ್ಲಿ ನೋಡಿತು. ಬ್ಯಾಗು ಸೆಂಟು ಮಾರುವ ಒಂದು ಸಿರಿವಂತ ಕುಟುಂಬ 10 ಕೋಟಿ ಯೂರೊ ಎಂದಿತು, ಅದರ ಪ್ರತಿಸ್ಪರ್ಧಿ ಕುಟುಂಬ 20 ಕೋಟಿ ಎಂದಿತು. ಒಟ್ಟು ಕೂಡಿದ್ದು ಸುಮಾರು 84.6 ಕೋಟಿ ಯೂರೊ. 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆದಾಗ ಇನ್ನೂ 14 ಕೋಟಿಯಷ್ಟು ಮಿಕ್ಕಿತ್ತು. ಆ ಮಿಕ್ಕ ಹಣದಲ್ಲಿ ಈಗ, ಬೆಂಕಿ ಬೀಳುವ ಮೊದಲೇ ಮಾಡಬೇಕಾಗಿದ್ದ ಹೊರಗೋಡೆಯ ದುರಸ್ತಿ ಮಾಡುತ್ತಾರಂತೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿಬಾಗಿಲು ಹಾಕಿದರು ಎಂಬ ಗಾದೆ ಫ್ರಾನ್ಸಿನಲ್ಲಿ ಇಷ್ಟು ಲಾಭದಾಯಕ ಎಂದು ಗೊತ್ತಿರಲಿಲ್ಲ. ಈ ಲೆಕ್ಕ ನಮ್ಮ ಸಮಿತಿಯವರ ಕಿವಿಗೆ ಬೀಳದಿರಲಿ. ಜನರೇಟರು, ಡೀಸೆಲ್ ಕ್ಯಾನು, ಉಳಿದ ಪಟಾಕಿ, ಮೂರನ್ನೂ ಈಗಾಗಲೇ ಆಲ್ತಾರಿನ ಹಿಂದಿನ ಕೋಣೆಯಲ್ಲೇ ಇಟ್ಟಿದ್ದಾರೆ.

ಇಂಗ್ಲೆಂಡಿನವರದು ಕಾನೂನಿನ ದಾರಿ. ಅಲ್ಲಿನ ಆಂಗ್ಲಿಕನ್ ಸಭೆಗೆ ಸುಮಾರು 16,000 ಚರ್ಚುಗಳು, ಅದರಲ್ಲಿ 12,000ಕ್ಕೂ ಹೆಚ್ಚು ಸಂರಕ್ಷಿತ ಪಟ್ಟಿಯಲ್ಲಿರುವ ಹಳೇ ಕಟ್ಟಡಗಳು. ಐದು ವರ್ಷಕ್ಕೊಮ್ಮೆ ಪ್ರತಿ ಚರ್ಚನ್ನೂ ತಜ್ಞರಿಂದ ತಪಾಸಣೆ ಮಾಡಿಸಬೇಕೆಂದು 1955ರಲ್ಲೇ ಕಾನೂನಾಗಿದೆ. ಇದು ಅಸೂಯೆಪಡಬೇಕಾದ ವ್ಯವಸ್ಥೆ, ಇದರಲ್ಲಿ ವ್ಯಂಗ್ಯವಿಲ್ಲ. ವ್ಯಂಗ್ಯ ಇರುವುದು ವರದಿ ಕೈಗೆ ಬಂದ ಮೇಲೆ. ಹೊಸ ಚರ್ಚು ಕಟ್ಟಿದರೆ ವ್ಯಾಟ್ ತೆರಿಗೆ ಸೊನ್ನೆ. ಹಳೇ ಚರ್ಚಿನ ಸೋರಿಕೆ ನಿಲ್ಲಿಸಿದರೆ ಶೇಕಡ 20. ಈ ಮುಜುಗರ ತಪ್ಪಿಸಲು 2001ರಿಂದ ತೆರಿಗೆಯ ಮೊತ್ತವನ್ನು ಅನುದಾನವಾಗಿ ಮರಳಿಸುವ ಯೋಜನೆ ಮಾಡಿದರು, 2025ರಲ್ಲಿ ಅದಕ್ಕೂ ಚರ್ಚಿಗೆ ವರ್ಷಕ್ಕೆ 25,000 ಪೌಂಡಿನ ಮಿತಿ ಹಾಕಿದರು. ಮಾಡಿನ ಸೀಸದ ತಗಡನ್ನು ಕಳ್ಳರು ಸುತ್ತಿಕೊಂಡು ಹೋಗುವುದು ಅಲ್ಲಿ ಮಾಮೂಲು. ಅಟ್ಟದಲ್ಲಿ ಬಾವಲಿ ಸಂಸಾರ ಹೂಡಿದ್ದರೆ ಅದಕ್ಕೂ ಕಾನೂನಿನ ರಕ್ಷಣೆಯಿದೆ, ಎಬ್ಬಿಸುವಂತಿಲ್ಲ. ಕೆಳಗೆ ಕೂತ ಭಕ್ತರಿಗೆ ಅಂಥ ರಕ್ಷಣೆ ಇದ್ದಂತಿಲ್ಲ.

ಇನ್ನೊಂದು ಕಾನೂನು ಮಧ್ಯಯುಗದ್ದು. ಒಂದಾನೊಂದು ಕಾಲದಲ್ಲಿ ಪಾದ್ರಿಗೆ ಸೇರಿದ್ದ ಕೆಲವು ಜಮೀನು ಆಮೇಲೆ ಯಾರ ಕೈಗೆ ಬಂತೋ, ಆಲ್ತಾರು ಇರುವ ಭಾಗದ ದುರಸ್ತಿ ವೆಚ್ಚ ಅವರ ತಲೆಗೆ ಬೀಳುತ್ತಿತ್ತು. ವಾರ್ವಿಕ್‌ಶೈರಿನ ಒಂದು ಹಳ್ಳಿಯಲ್ಲಿ ಹೀಗೇ ಜಮೀನು ಪಡೆದಿದ್ದ ದಂಪತಿಗೆ ಚರ್ಚಿನಿಂದ ಬಿಲ್ಲು ಬಂತು. ಹೋರಾಡಿದರು. 2003ರಲ್ಲಿ ದೇಶದ ಅತ್ಯುನ್ನತ ನ್ಯಾಯಪೀಠವೇ ಚರ್ಚಿನ ಪರವಾಗಿ ತೀರ್ಪು ಕೊಟ್ಟಿತು. ಕೊನೆಗೆ ಲೆಕ್ಕ ಹಾಕಿದ ದುರಸ್ತಿ ಮೊತ್ತ ಸುಮಾರು 1.87 ಲಕ್ಷ ಪೌಂಡು, ವಕೀಲರದು ಬೇರೆ. ಇದನ್ನು ಓದಿದಾಗಿನಿಂದ ನನಗೆ ನಮ್ಮೂರಿನ ಇಗರ್ಜಿಯ ಗುರಿಕಾರರು ಜಮೀನಿನ ಹಳೇ ಪಹಣಿ ಕೇಳಿದರೂ ಎದೆ ಡವಗುಟ್ಟುತ್ತದೆ.

ನಮ್ಮಲ್ಲಿ ಹಾಗೆ ಯಾರನ್ನೂ ಹಿಡಿದು ಕಟ್ಟಿಸುವ ಅಗತ್ಯವಿಲ್ಲ. ಕೊಡುವವರು ಕೊಡುತ್ತಾರೆ, ಹೆಸರು ಹಾಕಬೇಕಷ್ಟೆ. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದರೆಂದು ಶಾಲಾಮಕ್ಕಳಿಗೂ ಗೊತ್ತು. ಅದರ 175 ಅಡಿ ಎತ್ತರದ ಜೋಡಿ ಗೋಪುರಗಳಿಗೆ ಆಮೇಲೆ ಹಗ್ಗ ಕಟ್ಟಿಕೊಂಡು ಏರಿ ಗಾರೆ ಮೆತ್ತಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿಗೆ ಬಂದವರು ಕತ್ತೆತ್ತಿ ಆಂಟೋನಿಯೊ ಮೊಸ್ಕೆನಿಯ ಚಿತ್ರಗಳನ್ನು ನೋಡುತ್ತಾರೆ. 1899ರಲ್ಲಿ ಶುರುಮಾಡಿ ಗೋಡೆ ಚಾವಣಿ ತುಂಬ ಬರೆದ ಇಟಲಿಯ ಜೆಸ್ವಿತ್ ಬ್ರದರ್. ತೊಂಬತ್ತರ ದಶಕದಲ್ಲಿ ಪರಂಪರೆ ಸಂರಕ್ಷಣೆಯ ಸಂಸ್ಥೆಯಾದ ಇಂಟ್ಯಾಕಿನ ತಜ್ಞರು ಬಂದು ಆ ಚಿತ್ರಗಳನ್ನು ತೊಳೆದು ಸಂರಕ್ಷಿಸದಿದ್ದರೆ ಕರಾವಳಿಯ ಶೀತ ಅವನ್ನು ಎಂದೋ ನುಂಗುತ್ತಿತ್ತು. ಆ ಚಿತ್ರಗಳಿಗೂ ಮಳೆಗೂ ನಡುವೆ ಇರುವುದು ಒಂದು ಮಾಡು. ಮೇ ತಿಂಗಳಲ್ಲಿ ಅಂಥ ಮಾಡು ಹತ್ತಿ ಹೆಂಚು ತಟ್ಟಿ ನೋಡುವವನ ಹೆಸರನ್ನು ಯಾವ ಗೈಡೂ ಹೇಳುವುದಿಲ್ಲ. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಶನ್ನಿನವರು ಮಾತ್ರ ಜಾಣರು. ತಮ್ಮ ಹೆಸರನ್ನು ಹೆಂಚಿನ ಬೆನ್ನಿಗೇ ಒತ್ತಿ ಕಳಿಸಿದರು.

ಫಲಕದ ಹಸಿವು ಪರಮಾವಧಿಗೆ ಹೋಗುವುದು ಶತಮಾನೋತ್ಸವದ ಹೊತ್ತಿಗೆ. ಇಗರ್ಜಿಗೆ ನೂರು ತುಂಬುತ್ತದೆ, ಸಂಭ್ರಮ ಬೇಕು, ಸ್ಮರಣ ಸಂಚಿಕೆ ಬೇಕು, ಸಂಚಿಕೆಗೆ ಮುಖಪುಟ ಬೇಕು. ಹಾಗಾಗಿ ನೂರು ವರ್ಷದ ಕಟ್ಟಡವನ್ನು ಕೆಡವಿ ಹೊಸದು ಕಟ್ಟುತ್ತಾರೆ. ಅಜ್ಜನ ನೂರನೇ ಹುಟ್ಟುಹಬ್ಬಕ್ಕೆ ಅಜ್ಜನನ್ನೇ ಹೂತು, ಗೋರಿಯ ಮೇಲೆ ಕೇಕು ಕತ್ತರಿಸಿದ ಹಾಗೆ. ಕೆಡವುವಾಗ ಜೆಸಿಬಿ ಎರಡು ದಿನ ಹೆಣಗುತ್ತದೆ. ‘ಶಿಥಿಲ’ ಎಂದು ಸರ್ಟಿಫಿಕೇಟು ಪಡೆದ ಗೋಡೆ ಸುಲಭಕ್ಕೆ ಬೀಳುವುದಿಲ್ಲ. ಹೊಸದರಲ್ಲಿ ಕಂಬಕ್ಕೊಂದು ಹೆಸರು, ಕಿಟಕಿಗೊಂದು ಹೆಸರು, ಬಾಗಿಲಿಗೆ ಎರಡು. ಮಾಡು ಚಪ್ಪಟೆ ಕಾಂಕ್ರೀಟು, ಕರಾವಳಿಯ ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಚೂರು ಉದುರುತ್ತದೆ. ಆಗ ಅದರ ಮೇಲೆ ತಗಡಿನ ಶೀಟು. ಪಕ್ಕದ ದೇವಸ್ಥಾನದ ಜೀರ್ಣೋದ್ಧಾರದವರೂ ಇದನ್ನೇ ಮಾಡಿದ್ದಾರೆ, ಅದೇ ಕಂಟ್ರಾಕ್ಟರು, ಅದೇ ಶೀಟು. ಸರ್ವಧರ್ಮ ಸಮನ್ವಯ ನೋಡಬೇಕೆಂದರೆ ನಮ್ಮೂರ ಮಾಡುಗಳನ್ನು ನೋಡಬೇಕು.

ಇಡೀ ಕರ್ನಾಟಕದಲ್ಲಿ ಎಲ್ಲರೂ ಒಪ್ಪಿ ಮೆಚ್ಚಿದ ಹಳೇ ಚರ್ಚು ಒಂದಿದೆ, ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯದು. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಮಿಶನರಿಗಳು ಕಟ್ಟಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟಾದ ಮೇಲೆ ಊರವರು ಎದ್ದುಹೋದರು, ಚರ್ಚು ಅಲ್ಲೇ ನಿಂತಿತು. ಮಳೆಗಾಲದಲ್ಲಿ ಕುತ್ತಿಗೆವರೆಗೆ ನೀರು, ಬೇಸಿಗೆಯಲ್ಲಿ ಕೆಸರು. ಮಾಡಿಲ್ಲ, ಆದ್ದರಿಂದ ಸೋರುವುದಿಲ್ಲ. ಸಮಿತಿಯಿಲ್ಲ, ಆದ್ದರಿಂದ ಸಿಮೆಂಟಿಲ್ಲ. ಬೆಲ್ಲ, ಮೊಟ್ಟೆ ಸೇರಿಸಿದ ಸುಣ್ಣದ ಗಾರೆ ಎಂದು ಊರವರು ಹೇಳುತ್ತಾರೆ. ಏನೇ ಇರಲಿ, ವರ್ಷಾವರ್ಷ ನೀರಲ್ಲಿ ಮುಳುಗೆದ್ದೂ ದಶಕಗಳು ನಿಂತದ್ದು ಸುಳ್ಳಲ್ಲ. ಈಚೆಗೆ ಒಂದೊಂದೇ ಭಾಗ ಕಳಚಿ ಬೀಳುತ್ತಿದೆ. ಬಿದ್ದಾಗ ಪತ್ರಿಕೆಗಳಲ್ಲಿ ಕಳವಳ, ಫೇಸ್‌ಬುಕ್ಕಿನಲ್ಲಿ ಅಳುವ ಮುಖ, ಮುಂದಿನ ಭಾನುವಾರ ಉಳಿದ ಕಮಾನಿನ ಕೆಳಗೆ ಮದುವೆ ಮುಂಚಿನ ಶೂಟಿಂಗಿಗೆ ಸರತಿ ಸಾಲು. ವಧುವಿನ ಗೌನು ಕೆಸರಾಗಬಾರದೆಂದು ಹಾಸಲು ಟಾರ್ಪಾಲು ತರುತ್ತಾರೆ. ಅದನ್ನು ಗೋಡೆಯ ನೆತ್ತಿಗೆ ಹೊದೆಸಿದ್ದರೆ ಆ ವರ್ಷದ ಮಳೆ ಕಳೆಯುತ್ತಿತ್ತು ಎಂಬ ಕೆಟ್ಟ ಯೋಚನೆ ನನ್ನಂಥವರಿಗೆ ಮಾತ್ರ ಬರುವುದು.

ಇಷ್ಟೆಲ್ಲ ಕಂಡುಂಡ ಮೇಲೆ ಕಳೆದ ಸಭೆಯಲ್ಲಿ ಯಾರೋ ತಲೆಹರಟೆ, ನಾನೇ ಎಂಬ ಆಪಾದನೆಯಿದೆ, ಒಂದು ಠರಾವು ಮಂಡಿಸಿದ. ದುರಸ್ತಿಗೆ ಹಣ ಬರದಿರುವುದು ಫಲಕ ಇಲ್ಲದ್ದರಿಂದ ತಾನೆ? ಹಾಗಾದರೆ ದುರಸ್ತಿಗೂ ಫಲಕ ಕೊಡೋಣ. ಬದಲಾಯಿಸಿದ ಪ್ರತಿ ಪಕಾಸಿಗೆ ಒಂದು ಹೆಸರು. ಒರಲೆ ಔಷಧಿಗೆ ಒಂದು ಕುಟುಂಬ. ಗೋಪುರದ ಬಿರುಕಿನಲ್ಲಿ ಹುಟ್ಟಿದ ಅರಳಿ ಗಿಡ ಕೀಳಿಸಲು ಒಂದು ಅನಾಮಧೇಯ ಕಾಣಿಕೆ. ಅರಳಿ ಕಿತ್ತ ಪಾಪಕ್ಕೆ ಹೆಸರು ಹಾಕಿಸಿಕೊಳ್ಳಲು ಕಥೋಲಿಕರೂ ಹೆದರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ ದಂಬೆ. ಉತ್ತರ ದಿಕ್ಕಿನ ದಂಬೆ ಇಂಥವರ ಸ್ಮರಣಾರ್ಥ, ದಕ್ಷಿಣದ್ದು ಅಂಥವರ ಸ್ಮರಣಾರ್ಥ. ವರ್ಷಕ್ಕೊಮ್ಮೆ ಗುಡಿಸುವ ಖರ್ಚಿಗೆ ಠೇವಣಿ.

ನಗುತ್ತಾರೆ ಎಂದುಕೊಂಡಿದ್ದೆವು. ಯಾರೂ ನಗಲಿಲ್ಲ. ಠರಾವು ಸರ್ವಾನುಮತದಿಂದ ಪಾಸಾಯಿತು. ಕುವೈತಿನ ದಾನಿ ಹತ್ತೇ ನಿಮಿಷದಲ್ಲಿ ಉತ್ತರ ದಂಬೆ ಬುಕ್ ಮಾಡಿದರು. ಅದರ ಸುದ್ದಿ ತಿಳಿದು ಕೆನಡಾದಲ್ಲಿರುವ ಅವರ ಭಾವ ದಕ್ಷಿಣ ದಂಬೆ ಹಿಡಿದರು, ಅಕ್ಷರ ಮಾತ್ರ ಉತ್ತರದ್ದಕ್ಕಿಂತ ಸಣ್ಣದಿರಬಾರದೆಂಬ ಷರತ್ತಿನೊಂದಿಗೆ. ಫಲಕ ಕರಿ ಗ್ರಾನೈಟಿನದು, ಅಕ್ಷರ ಬಂಗಾರದ್ದು, ಮೇಲೆ ದಂಪತಿಯ ಫೋಟೊ. ಕಂಟ್ರಾಕ್ಟರು ಏಣಿ ಹತ್ತಿ ಅಳತೆ ತೆಗೆದು ಕೆಳಗಿಳಿದು ವರದಿ ಒಪ್ಪಿಸಿದರು: ತಗಡಿನ ದಂಬೆ ಗ್ರಾನೈಟಿನ ಭಾರ ತಾಳುವುದಿಲ್ಲ. ಗೋಡೆಯ ನೆತ್ತಿಯಿಂದ ಕಾಂಕ್ರೀಟಿನ ಬ್ರ್ಯಾಕೆಟ್ಟು ಹೊರತರಬೇಕು, ಅದಕ್ಕೆ ಎರಡೂ ಬದಿಯ ದಂಬೆ ಕಳಚಿ, ಅಂಚಿನ ಮೂರು ಸಾಲು ಹೆಂಚು ಇಳಿಸಬೇಕು. ಸಮಿತಿ ಒಪ್ಪಿತು. ದಂಬೆ ಕಳಚಿಯಾಗಿದೆ, ಹೆಂಚೂ ಇಳಿಸಿಯಾಗಿದೆ. ಫಲಕದ ಪ್ರೂಫು ಕೆನಡಾದಿಂದ ತಿದ್ದಿ ಬರಬೇಕಷ್ಟೆ. ಜೂನ್ ಮೊದಲ ವಾರದೊಳಗೆ ಖಂಡಿತ ಬರುತ್ತದಂತೆ.